ಹೆಸರಿಲ್ಲದ ಫೋಟೊಗಳು, ಫೋಟೊ ಇಲ್ಲದ ಹೆಸರುಗಳು

ಪ್ರಶ್ನೆ: ನಾನು ಹತ್ತನೇ ತರಗತಿಯ ವಿದ್ಯಾರ್ಥಿನಿ. ಶಾಲೆಯ ಇಯರ್‌ಬುಕ್‌ಗೆ ನನ್ನನ್ನು ಸಂಪಾದಕಿಯಾಗಿ ಆರಿಸಿದ್ದಾರೆ. 64 ಪುಟಗಳ ಪುಸ್ತಕಕ್ಕೆ ಸಾವಿರಕ್ಕೂ ಹೆಚ್ಚು ಫೋಟೊಗಳು ಬಂದಿದ್ದರೂ ಅವುಗಳಲ್ಲಿ ಬಹುಮಾನ ಗೆದ್ದವರ, ವೇದಿಕೆ ಏರಿದವರ ಮುಖಗಳೇ ಹೆಚ್ಚು. ಪುಟವಿನ್ಯಾಸವನ್ನು ಎಲ್ಲಿಂದ ಆರಂಭಿಸಲಿ? ಸಹಪಾಠಿಗಳ ಬಗ್ಗೆ ತಮಾಷೆಯ ಸಾಲುಗಳನ್ನು ಬರೆಯಬಹುದೇ?

ಉತ್ತರ: ಕಂಪ್ಯೂಟರ್ ತೆರೆಯುವ ಮುನ್ನ ಹಾಜರಿ ಪುಸ್ತಕವನ್ನು ತೆರೆಯಿರಿ. ಅದರಲ್ಲಿರುವ ಪ್ರತಿ ಹೆಸರನ್ನೂ ಒಂದು ಪಟ್ಟಿಯಾಗಿ ಬರೆದುಕೊಂಡು, ಯಾರು ಯಾವ ಪುಟದಲ್ಲಿ ಕಾಣಿಸಿಕೊಳ್ಳುತ್ತಾರೆಂದು ಎದುರಿಗೆ ಗುರುತು ಹಾಕುತ್ತ ಹೋಗಿ. ತರಗತಿಯ ಗುಂಪುಚಿತ್ರವನ್ನು ಬಿಟ್ಟು ಇನ್ನೆಲ್ಲೂ ಕಾಣಿಸದವರು ಯಾರೆಂಬುದು ಆಗ ತಾನಾಗಿ ಹೊರಬೀಳುತ್ತದೆ. ಅಂಥವರನ್ನು ಗ್ರಂಥಾಲಯದಲ್ಲಿ, ಪ್ರಯೋಗಾಲಯದಲ್ಲಿ, ಆಟದ ಬಿಡುವಿನಲ್ಲಿ ಹೊಸದಾಗಿ ಚಿತ್ರಿಸಿಕೊಳ್ಳಿ, ಇಲ್ಲವೇ ಅವರೊಡನೆ ಹತ್ತು ನಿಮಿಷ ಮಾತಾಡಿ ನಾಲ್ಕು ಸಾಲು ಬರೆಯಿರಿ. ನನ್ನ ದೃಷ್ಟಿಯಲ್ಲಿ ಸಂಪಾದಕರ ಮುಖ್ಯ ಕೆಲಸ ಇದು. ಬಹುಮಾನ ಗೆದ್ದವರ ಚಿತ್ರಗಳು ಹೇಗೂ ತಾವಾಗಿಯೇ ಬಂದು ಸೇರುತ್ತವೆ.

ಬಳಿಕ 64 ಪುಟಗಳನ್ನೂ ಸಣ್ಣ ಚೌಕಗಳಾಗಿ ಒಂದೇ ಹಾಳೆಯಲ್ಲಿ ಬರೆದು, ಯಾವ ಪುಟದಲ್ಲಿ ಏನೆಂಬುದನ್ನು ಪೆನ್ಸಿಲ್‌ನಲ್ಲಿ ತುಂಬಿ. ಮುದ್ರಣಾಲಯದಲ್ಲಿ ಪುಟಗಳು ಒಂದೊಂದಾಗಿ ಅಚ್ಚಾಗುವುದಿಲ್ಲ. ಹಲವು ಪುಟಗಳು ಒಂದೇ ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುತ್ತವೆ, ಮಡಚಿದ ಆ ಹಾಳೆಗೆ ಫಾರಂ ಎನ್ನುತ್ತಾರೆ. 16 ಪುಟಗಳ ಫಾರಂ ಆದರೆ ನಿಮ್ಮದು ನಾಲ್ಕು ಫಾರಂಗಳ ಪುಸ್ತಕ. ಆದ್ದರಿಂದ ಕೊನೆಯ ಗಳಿಗೆಯಲ್ಲಿ ಎರಡೇ ಪುಟ ಸೇರಿಸುವುದು ಕಷ್ಟ. ಕೆಲವು ಪುಟಗಳಿಗೆ ಮಾತ್ರ ಬಣ್ಣ ಬೇಕಿದ್ದರೆ ಅವೆಲ್ಲ ಒಂದೇ ಫಾರಂಗೆ ಬರುವಂತೆ ಮುದ್ರಕರನ್ನು ಕೇಳಿಕೊಂಡೇ ಜೋಡಿಸಿ.

ಎದುರುಬದುರಿನ ಎರಡು ಪುಟಗಳನ್ನು ಒಂದೇ ಚಿತ್ರವೆಂದು ಭಾವಿಸಿ, ಅದರಲ್ಲಿ ಒಂದು ಫೋಟೊ ಉಳಿದವುಗಳಿಗಿಂತ ಸ್ಪಷ್ಟವಾಗಿ ದೊಡ್ಡದಿರಲಿ. ಎಲ್ಲವನ್ನೂ ಸಮಗಾತ್ರದಲ್ಲಿ ತುರುಕಿದ ಪುಟದಲ್ಲಿ ಕಣ್ಣು ಎಲ್ಲಿಯೂ ನಿಲ್ಲುವುದಿಲ್ಲ. ಎರಡು ಪುಟಗಳು ಕೂಡುವ ಹೊಲಿಗೆಯ ಕಡೆಗೆ ಯಾರ ಮುಖವೂ ಬರಬಾರದು. ಅಚ್ಚಿಗೆ ಅಂಗುಲಕ್ಕೆ 300 ಪಿಕ್ಸೆಲ್ ಬೇಕು. ಅಂದರೆ 10 ಸೆಂಟಿಮೀಟರ್ ಅಗಲದ ಚಿತ್ರಕ್ಕೆ ಸುಮಾರು 1,200 ಪಿಕ್ಸೆಲ್. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದ್ದು ಕುಗ್ಗಿರುತ್ತದೆ, ಹಾಗಾಗಿ ಮೂಲ ಕಡತವನ್ನೇ ಕೇಳಿ ಪಡೆಯಿರಿ.

ಅಡಿಬರಹದಲ್ಲಿ "ಸಂತಸದ ಕ್ಷಣ" ಎಂದು ಬರೆದರೆ ಏನನ್ನೂ ಹೇಳಿದಂತಾಗುವುದಿಲ್ಲ. ಎಡದಿಂದ ಬಲಕ್ಕೆ ಯಾರು ಯಾರಿದ್ದಾರೆ, ಏನು ನಡೆಯುತ್ತಿತ್ತು, ಮರುಕ್ಷಣ ಏನಾಯಿತು ಎಂಬುದನ್ನು ಬರೆಯಿರಿ. ಇಪ್ಪತ್ತು ವರ್ಷಗಳ ನಂತರ ಪುಸ್ತಕ ತೆರೆದವರಿಗೆ ಮುಖ ನೆನಪಿದ್ದರೂ ಹೆಸರು ಮರೆತಿರುತ್ತದೆ.

ತಮಾಷೆಯ ಸಾಲುಗಳನ್ನು ಅವರವರಿಂದಲೇ ಬರೆಸಿ. ಒಬ್ಬರ ಬಗ್ಗೆ ಇನ್ನೊಬ್ಬರು ಬರೆದದ್ದನ್ನು ಅವರಿಗೆ ತೋರಿಸಿ ಒಪ್ಪಿಗೆ ಪಡೆಯದೆ ಹಾಕಬೇಡಿ. ಅಡ್ಡಹೆಸರುಗಳಿಗೂ ಇದೇ ನಿಯಮ. "ಅತಿ ಸೋಮಾರಿ", "ಅತಿ ಮೌನಿ" ಎಂಬಂಥ ಬಿರುದುಗಳನ್ನು ನಾನಂತೂ ಕೈಬಿಡುತ್ತಿದ್ದೆ.

ಕರಡನ್ನು ಪರದೆಯ ಮೇಲೆ ತಿದ್ದದೆ ಕಾಗದದ ಮೇಲೆ ತಿದ್ದಿ. ಒಬ್ಬರು ಹಾಜರಿ ಪುಸ್ತಕದಿಂದ ಹೆಸರನ್ನು ಅಕ್ಷರ ಅಕ್ಷರವಾಗಿ ಓದಲಿ, ಇನ್ನೊಬ್ಬರು ಕರಡಿನಲ್ಲಿ ನೋಡಲಿ. ಅಕ್ಷರಶೈಲಿ ಬದಲಾದಾಗ ಒತ್ತಕ್ಷರಗಳು ಒಡೆಯುವುದುಂಟು, ಆದ್ದರಿಂದ ನೀವು ತಿದ್ದುವ ಕರಡು ಮುದ್ರಕರಿಗೆ ಕೊಡುವ ಪಿಡಿಎಫ್‌ನಿಂದಲೇ ತೆಗೆದ ಪ್ರತಿಯಾಗಿರಲಿ.