ಗೊಣಗುತ್ತಾ ಮಾಡುವ ಸೇವೆ ದೇವರಿಗೆ ಬೇಕಾ?

ಪ್ರಶ್ನೆ: ಭಾನುವಾರ ಎಲ್ಲರಿಗಿಂತ ಮೊದಲು ಸಭೆಗೆ ಬಂದು ಕುರ್ಚಿ ಹಾಕುವವಳು ನಾನು. ಕೊನೆಗೆ ಪಾತ್ರೆ ತೊಳೆದಿಟ್ಟು ಬಾಗಿಲು ಹಾಕುವವಳೂ ನಾನೇ. ಕಾಯಿಲೆಯವರ ಮನೆಗೂ ಹೋಗಿ ಬರುತ್ತೇನೆ. ಈಚೆಗೆ ಮಾತ್ರ ಒಳಗೆ ಬರೀ ಸಿಟ್ಟು. ಉಳಿದವರು ಸುಮ್ನೆ ಕೂತು ಹರಟುವುದನ್ನು ನೋಡಿದರೆ ಮೈ ಉರಿಯುತ್ತದೆ. ಪ್ರೀತಿ ಇಲ್ಲದೆ ಏನು ಮಾಡಿದರೂ ಪ್ರಯೋಜನವಿಲ್ಲ ಅಂತ ಬೈಬಲಿನಲ್ಲಿ ಪೌಲನೇ ಬರೆದಿದ್ದಾನಲ್ಲ, ಹಾಗಾದರೆ ನಾನು ಮಾಡುತ್ತಿರುವುದು ಕಪಟವೇ? ಎಲ್ಲ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ ಸಹೋದರಿ. ಆದರೆ ಹೀಗೇ ಮುಂದುವರಿಸಲೂ ಬೇಡಿ.

ನೀವು ಹೇಳಿದ ಮಾತು 1 ಕೊರಿಂಥ 13ರ ಮೂರನೇ ವಚನದಲ್ಲಿದೆ. ಅಲ್ಲಿಗೇ ನಿಲ್ಲಿಸಬೇಡಿ, ಮುಂದಿನ ನಾಲ್ಕು ವಚನ ಓದಿ. ತಾಳಿಕೊಳ್ಳುವುದು, ದಯೆ ತೋರಿಸುವುದು, ಹೊಟ್ಟೆಕಿಚ್ಚು ಪಡದಿರುವುದು, ಬೇರೆಯವರು ಮಾಡಿದ ತಪ್ಪನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದಿರುವುದು... ಎಲ್ಲವೂ ನಡತೆಯ ಮಾತೇ. ಮನಸ್ಸು ಉಕ್ಕಿ ಬಂದಾಗ ಮಾತ್ರ ಪ್ರೀತಿ ಇದೆ ಅಂತ ಪೌಲ ಎಲ್ಲೂ ಹೇಳುವುದಿಲ್ಲ. ಬೇಸರದಲ್ಲೂ ಎದ್ದು ಕಾಯಿಲೆಯವರ ಮನೆಗೆ ಹೋದಿರಲ್ಲ, ಅದನ್ನು ಕಪಟ ಅಂತ ನಾನಂತೂ ಕರೆಯಲಾರೆ. ತೊಂದರೆ ಇರುವುದು ಆ ಸಿಟ್ಟಿನಲ್ಲಿ.

ಮಾರ್ಥಳನ್ನು ನೆನಪಿಸಿಕೊಳ್ಳಿ. ಲೂಕ 10ರಲ್ಲಿ ಯೇಸು ಮನೆಗೆ ಬಂದಾಗ ಅವಳು ಉಪಚಾರಕ್ಕೆ ಓಡಾಡುತ್ತಿದ್ದಳು, ತಂಗಿ ಮರಿಯಳು ಯೇಸುವಿನ ಪಾದದ ಹತ್ತಿರ ಕೂತು ಕೇಳುತ್ತಿದ್ದಳು. ಆಗ ಮಾರ್ಥಳು ಯೇಸುವಿನ ಹತ್ತಿರ ಬಂದು, ನನ್ನ ತಂಗಿ ನನ್ನೊಬ್ಬಳನ್ನೇ ಕೆಲಸಕ್ಕೆ ಬಿಟ್ಟಿದ್ದಾಳೆ, ನಿನಗೆ ಚಿಂತೆಯೇ ಇಲ್ಲವಾ ಅಂತ ಕೇಳುತ್ತಾಳೆ. ನಿಮ್ಮ ಪತ್ರದಲ್ಲೂ ಅದೇ ದನಿ ಇದೆ ಅಲ್ವಾ? ಊಟ ಮಾಡಿಸಿದ್ದಕ್ಕೆ ಸ್ವಾಮಿ ಅವಳನ್ನು ಬೈಯಲಿಲ್ಲ. ಬಂದ ಅತಿಥಿಯನ್ನು ಬಿಟ್ಟು ಅವಳ ಕಣ್ಣು ತಂಗಿಯ ಮೇಲಿತ್ತು, ಮನಸ್ಸು ಹತ್ತು ಕಡೆ ಹರಿದುಹೋಗಿತ್ತು, ಅದನ್ನೇ ಅವರು ಮುಟ್ಟಿ ತೋರಿಸಿದರು. ನಮ್ಮ ಪ್ರಸಂಗಗಳು ಹೆಚ್ಚಾಗಿ ಇಲ್ಲಿಗೇ ಮುಗಿಯುತ್ತವೆ, ಪಾಪ ಮಾರ್ಥಳಿಗೆ ಇದು ಅನ್ಯಾಯ. ಯೋಹಾನ 12 ತೆರೆಯಿರಿ. ಯೆಹೂದ್ಯರ ಪಸ್ಕ ಹಬ್ಬಕ್ಕೆ ಆರು ದಿನ ಮೊದಲು, ಅವಳ ಊರಾದ ಬೇಥಾನ್ಯದಲ್ಲಿ ಊಟ. ಅವಳ ತಮ್ಮ ಲಾಜರನು ಸತ್ತು, ಯೇಸುವಿನಿಂದ ಬದುಕಿ ಬಂದು ಪಂಕ್ತಿಯಲ್ಲಿ ಕೂತಿದ್ದಾನೆ. ಮರಿಯಳು ಈ ಸಲವೂ ಯೇಸುವಿನ ಪಾದದ ಹತ್ತಿರವೇ. ಮಾರ್ಥಳು ಮತ್ತೆ ಉಪಚಾರ ಮಾಡುತ್ತಿದ್ದಾಳೆ. ಅದೇ ಕೆಲಸ, ಆದರೆ ಈ ಸಲ ಅವಳ ಬಾಯಿಂದ ಒಂದು ದೂರೂ ಬಂದಂತೆ ಬರೆದಿಲ್ಲ. ಸತ್ತ ತಮ್ಮನನ್ನು ಕರೆದುಕೊಟ್ಟವನಿಗೆ ಬಡಿಸುವಾಗ ಯಾರು ಎಷ್ಟು ಕೆಲಸ ಮಾಡಿದರು ಅಂತ ಲೆಕ್ಕ ಹಾಕಲು ಯಾರಿಗೆ ಮನಸ್ಸು ಬರುತ್ತದೆ, ಹೇಳಿ?

ಹಾಗಾಗಿ ಮೊದಲು ದೇವರ ಪ್ರೀತಿಯನ್ನು ಪಡೆದುಕೊಳ್ಳಿ. ಒಂದು ಭಾನುವಾರ ಬೇರೆಯವರು ಕುರ್ಚಿ ಹಾಕಲಿ, ನೀವು ಬಂದು ಕೂತು ವಾಕ್ಯ ಕೇಳಿ. ಆತನು ಮೊದಲು ನಮ್ಮನ್ನು ಪ್ರೀತಿಸಿದ್ದರಿಂದಲೇ ನಾವು ಪ್ರೀತಿಸುತ್ತೇವೆ ಅಂತ ಯೋಹಾನ ಬರೆದದ್ದು ದಣಿದವರಿಗೂ ಸೇರಿಯೇ.

ಇನ್ನೊಂದು ವಿಷಯ, ಎಲ್ಲವನ್ನೂ ನೀವೊಬ್ಬರೇ ಹೊರಬೇಕು ಅಂತ ಯಾರೂ ಹೇಳಿಲ್ಲ. ಯೇಸು ಹೇಳಿದ ಕಥೆಯ ಆ ಒಳ್ಳೆಯ ಸಮಾರ್ಯದವನು, ಕಳ್ಳರ ಪೆಟ್ಟು ತಿಂದು ದಾರಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿ, ಒಂದು ರಾತ್ರಿ ನೋಡಿಕೊಂಡು, ಮರುದಿನ ಎರಡು ದಿನಾರಿ, ಅಂದರೆ ಆಗಿನ ಎರಡು ದಿನದ ಕೂಲಿ, ಛತ್ರದವನ ಕೈಗೆ ಕೊಟ್ಟು ತನ್ನ ದಾರಿ ಹಿಡಿದ. ಹೆಚ್ಚು ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅಂದ. ಅವನ ಪ್ರೀತಿ ಕಡಿಮೆ ಅಂತ ಯಾರಾದರೂ ಅಂದಾರಾ? ಯೆರೂಸಲೇಮಿನಲ್ಲಿ ವಿಧವೆಯರಿಗೆ ದಿನದ ಊಟ ಹಂಚುವ ಕೆಲಸದಲ್ಲಿ ಗುಣುಗುಟ್ಟುವಿಕೆ ಎದ್ದಾಗ ಅಪೊಸ್ತಲರೂ ಏಳು ಜನರನ್ನು ಆರಿಸಲು ಶಿಷ್ಯರಿಗೇ ಹೇಳಿ, ಆರಿಸಿದವರಿಗೆ ಕೆಲಸ ಒಪ್ಪಿಸಿದರು.

ಈ ವಾರವೇ ಪಾಸ್ಟರ್ ಜೊತೆ ಬಾಯಿಬಿಟ್ಟು ಮಾತಾಡಿ. ಪಾತ್ರೆ, ಬಾಗಿಲು, ಕುರ್ಚಿಗೆ ಒಬ್ಬೊಬ್ಬರನ್ನು ಹೆಸರು ಹಿಡಿದು ಕೇಳಲಿ. ಸುಮ್ನೆ ಕೂತವರಲ್ಲಿ ಯಾರಾದರೂ ಕರೆದರೆ ಬರಲು ಕಾಯುತ್ತಿರಬಹುದು. ನೀವು ಮಾತ್ರ ಆ ಕಾಯಿಲೆಯವರ ಭೇಟಿ ಬಿಡಬೇಡಿ. ಹೋದಾಗ ಗಡಿಬಿಡಿಯಲ್ಲಿ ಪ್ರಾರ್ಥನೆ ಮುಗಿಸಿ ಎದ್ದುಬಿಡದೆ, ರಾತ್ರಿ ನಿದ್ದೆ ಬಂತಾ ಅಂತ ಕೇಳಿ, ಅವರು ಹೇಳಿ ಮುಗಿಸುವವರೆಗೂ ಕೂತಿರಿ.