ಕಾಲೊನಿ ಅಂದ್ರೆ ಪುಟ್ಟ ಊರು ಕಟ್ಟಿ ನಡೆಸುವ ರಿಮ್‌ವರ್ಲ್ಡ್ ಅನ್ನೋ ವಿಡಿಯೋ ಗೇಮ್‌ನಲ್ಲಿ ದಾಳಿ ಮುಗಿದ ಮೇಲೆ, ಹೂಳೋಕೆ ಜಾಗ ಸಾಲಲ್ಲ ಅಂತ ಹೆಣಗಳನ್ನೆಲ್ಲ ಸುಟ್ಟುಬಿಡೋದು ಸರಿನಾ?

ಎಲ್ಲರನ್ನೂ ಸುಡಬೇಡಿ. ದಾಳಿಗೆ ಬಂದವರನ್ನು ಸುಡಿ, ನಿಮ್ಮವರನ್ನು ಮಣ್ಣು ಮಾಡಿ.

ಜಾಗ ಸಾಲಲ್ಲ ಅಂತ ಬರೆದಿದ್ದೀರಿ, ಅದು ನಿಜ. ಜೊತೆಗೆ ದೊಡ್ಡ ದಾಳಿ ಆದಮೇಲೆ ಬಂದವರಿಗೆಲ್ಲ ಗುಂಡಿ ತೋಡುತ್ತಾ ಕೂತರೆ ಬೆಳೆ ಕೊಯ್ಯೋಕೆ ಯಾರೂ ಸಿಗುವುದಿಲ್ಲ. ಅವರಿಗೆ ಎಲೆಕ್ಟ್ರಿಕ್ ಚಿತಾಗಾರವೇ ಸಾಕು. ಅದು ಇಲ್ಲದಿದ್ದರೆ ಕಾಲೊನಿಯಿಂದ ದೂರ ಒಂದು ಕಲ್ಲಿನ ಕೋಣೆ ಕಟ್ಟಿ, ಹೆಣಗಳನ್ನು ಅಲ್ಲಿ ರಾಶಿ ಹಾಕಿಸಿ, ಒಂದು ಮೊಲೊಟೊವ್ (ಬೆಂಕಿ ಬಾಟಲಿ) ಎಸೆಯಿರಿ. ಬಟ್ಟೆ ಬೇಕಿದ್ದರೆ ಮಾತ್ರ ಶತ್ರು ಬಿದ್ದು ಇನ್ನೂ ಉಸಿರಾಡುತ್ತಿರುವಾಗಲೇ ಬಿಚ್ಚಿಸಿಕೊಳ್ಳಬೇಕು, ಯಾಕಂದ್ರೆ ಸತ್ತವರ ಮೈಮೇಲಿದ್ದದ್ದನ್ನು ಹಾಕಿಕೊಂಡವರ ಮನಸ್ಸು ಕೆಡುತ್ತದೆ. ಹೆಣ ಕಣ್ಣಿಗೆ ಬಿದ್ದರೂ ಅಷ್ಟೇ, ಕೊಳೆತಿದ್ದರೆ ಇನ್ನೂ ಜಾಸ್ತಿ. ಹಾಗಾಗಿ ಸಾಗಿಸುವ ಕೆಲಸ ನಿಮ್ಮವರಲ್ಲಿ ಸೈಕೋಪಾತ್ (ಕರುಣೆಯಿಲ್ಲದ) ಗುಣದವರಿಗೆ ಕೊಡಿ, ಅವರಿಗೆ ಏನೂ ಅನಿಸುವುದಿಲ್ಲ.

ಇನ್ನು ನಿಮ್ಮವರ ವಿಷಯ. ಮೊದಲು ಸಮಾಧಿ ಮೇಲೆ ಕ್ಲಿಕ್ ಮಾಡಿ, ಸ್ಟೋರೇಜ್ ಟ್ಯಾಬ್‌ನಲ್ಲಿ ಹೊರಗಿನವರ ಹೆಣಕ್ಕಿರುವ ಟಿಕ್ ತೆಗೆಯಿರಿ. ಇಲ್ಲಾಂದ್ರೆ ನಿಮ್ಮ ಡಾಕ್ಟರ್‌ಗೆ ಅಂತ ತೋಡಿಟ್ಟ ಗುಂಡಿಗೆ ಯಾವನೋ ದಾಳಿಕೋರನನ್ನು ತಂದು ಹಾಕುತ್ತಾರೆ. ಚಿತಾಗಾರದ ಬಿಲ್‌ನಲ್ಲೂ (ಅದಕ್ಕೆ ಕೊಡುವ ಕೆಲಸದ ಆದೇಶದಲ್ಲೂ) ನಿಮ್ಮವರ ಹೆಣಕ್ಕೆ ಟಿಕ್ ಇಲ್ಲ ಅಂತ ಒಮ್ಮೆ ನೋಡಿಕೊಳ್ಳಿ. ನಿಮ್ಮವರ ಹೆಣವನ್ನು ಸುಮ್ನೆ ಹಾಗೇ ಬಿಟ್ಟರೆ, ನಮ್ಮವನನ್ನು ಮಣ್ಣು ಮಾಡಲಿಲ್ಲ ಅನ್ನೋ ಕೊರಗು ಇಡೀ ಕಾಲೊನಿಗೆ ಹತ್ತುತ್ತದೆ.

ಜಾಗ ಎಲ್ಲಿ ಅನ್ನೋದು ನನಗೆ ತುಂಬಾ ಮುಖ್ಯ. ನಾನು ಮಂಡ್ಯ ಕಡೆಯವನು. ನಮ್ಮಲ್ಲಿ ಎಷ್ಟೋ ಮನೆಯವರು ಹಿರಿಯರನ್ನು ತಮ್ಮ ಜಮೀನಿನಲ್ಲೇ ಮಣ್ಣು ಮಾಡುತ್ತಾರೆ. ಗದ್ದೆಗೆ ನೀರು ಕಟ್ಟೋಕೆ ಹೋಗುವವರು ದಿನಾ ಆ ಸಮಾಧಿ ಪಕ್ಕದಲ್ಲೇ ಹಾದು ಹೋಗುತ್ತಾರೆ. ಈ ಆಟದಲ್ಲೂ ಬಿಡುವಿನ ಹೊತ್ತಿನಲ್ಲಿ ಜನ ತಾವಾಗಿಯೇ ಸಮಾಧಿ ನೋಡಲು ಹೋಗುತ್ತಾರೆ, ಅದರಿಂದ ಅವರಿಗೆ ಮನರಂಜನೆಯ ಪಾಲೂ ಸಿಗುತ್ತದೆ. ಅದಕ್ಕೇ ನಾನು ಸಮಾಧಿಗಳನ್ನು ಗೋಡೆಯ ಒಳಗೆ, ಹೊಲಕ್ಕೆ ಹೋಗುವ ದಾರಿಯಲ್ಲಿ ಇಡುತ್ತೇನೆ. ಮ್ಯಾಪಿನ ಮೂಲೆಗೆ ತಳ್ಳಿದರೆ ನೋಡಲು ಹೋದವನು ಒಂಟಿಯಾಗಿ ದಾಳಿಗೆ ಸಿಕ್ಕಿಕೊಳ್ಳುತ್ತಾನೆ. ಆಟದೊಳಗಿನ ಕಾಂಪ್ಲೆಕ್ಸ್ ಫರ್ನಿಚರ್ ಸಂಶೋಧನೆ ಆಗಿದ್ದರೆ ಕಲ್ಲಿನ ಸಾರ್ಕೊಫಗಸ್ (ಅಲಂಕಾರದ ಶವಪೆಟ್ಟಿಗೆ) ಮಾಡಿಸಿ. ಒಳ್ಳೆ ಕೆಲಸಗಾರನಿಗೇ ಆ ಕೆಲಸ ಕೊಡಿ.

ಐಡಿಯಾಲಜಿ ಡಿಎಲ್‌ಸಿ (ಆಟಕ್ಕೆ ಬೇರೆಯಾಗಿ ಕೊಳ್ಳುವ ಹೆಚ್ಚುವರಿ ಭಾಗ) ಇದ್ದರೆ ಸಮಾಧಿ ಹತ್ತಿರ ಅಂತ್ಯಕ್ರಿಯೆಯನ್ನೂ ನಡೆಸಬಹುದು. ಹೆಣವೇ ಸಿಗದಿದ್ದರೆ ಖಾಲಿ ಸಮಾಧಿಯ ಮುಂದೆ ಮಾಡುವ ಅಂತ್ಯಕ್ರಿಯೆ ಬೇರೆಯೇ ಇದೆ, ಅದನ್ನು ಬಿಡಬೇಡಿ.