ಕೂಲೆಂಟ್ ಬದಲಿಸಿದ ಮೇಲೆ ಎಂಜಿನ್ ಕಾಯುತ್ತಿದೆ, ಹೆಡ್ ಬಿಚ್ಚಿಸಬೇಕೇ?

ಮಂಡ್ಯದ ಗ್ಯಾರೇಜೊಂದರಲ್ಲಿ ವಾಟರ್ ಪಂಪ್, ಥರ್ಮೋಸ್ಟಾಟ್ ಮತ್ತು ಕೂಲೆಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ) ಹೊಸದಾಗಿ ಹಾಕಿಸಿದ ಮರುದಿನವೇ ಮೈಸೂರಿಗೆ ಹೊರಟಿರಿ. ಶ್ರೀರಂಗಪಟ್ಟಣ ತಲುಪುವ ಮೊದಲೇ ಟೆಂಪರೇಚರ್ ಮುಳ್ಳು ಕೆಂಪು ಗೆರೆಗೆ ಏರಿತು. ಹೀಟರ್ ಹಾಕಿದರೂ ತಣ್ಣನೆಯ ಗಾಳಿಯೇ ಬಂತು. ಈಗ ಗ್ಯಾರೇಜಿನವರು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಭಾಗಕ್ಕೂ ನಡುವಿನ ಸೀಲು) ಹೋಗಿದೆ, ಹೆಡ್ ಬಿಚ್ಚಬೇಕು ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಮೈಸೂರಿನಲ್ಲಿ ಹಳೆಯ ಪೆಟ್ರೋಲ್ ಕಾರೊಂದರ ದುರಸ್ತಿಯನ್ನು ಬಹುಮಟ್ಟಿಗೆ ನಾನೇ ಮಾಡಿಕೊಳ್ಳುತ್ತೇನೆ. ಆ ಅನುಭವದಿಂದ ಹೇಳುವುದಾದರೆ, ಹೆಡ್ ಬಿಚ್ಚಲು ಈಗಲೇ ಒಪ್ಪಬೇಡಿ. ಕೆಲಸಕ್ಕೆ ಮುಂಚೆ ಸರಿಯಾಗಿದ್ದ ಎಂಜಿನ್ ಕೆಲಸವಾದ ಕೂಡಲೇ ಕಾಯತೊಡಗಿದರೆ, ಕೈ ಹಾಕಿದ ಭಾಗಗಳನ್ನೇ ಮೊದಲು ನೋಡಬೇಕು.

ನಿಮ್ಮ ವಿವರಣೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸುಳಿವು ಆ ತಣ್ಣನೆಯ ಗಾಳಿ. ಡ್ಯಾಶ್‌ಬೋರ್ಡಿನ ಒಳಗಿರುವ ಹೀಟರ್ ಎಂದರೆ ಒಂದು ಪುಟ್ಟ ರೇಡಿಯೇಟರ್. ಎಂಜಿನ್ನಿನಿಂದ ಬರುವ ಬಿಸಿ ಕೂಲೆಂಟ್ ಅದರ ಮೂಲಕ ಹರಿದುಹೋಗುತ್ತದೆ. ಎಂಜಿನ್ ಕುದಿಯುವಷ್ಟು ಕಾದಿರುವಾಗಲೂ ಅದು ತಣ್ಣಗಿದೆ ಎಂದರೆ ಕೂಲೆಂಟ್ ಅಲ್ಲಿಗೆ ತಲುಪುತ್ತಿಲ್ಲ. ಕೂಲೆಂಟ್ ಕಡಿಮೆಯಿರಬಹುದು, ಹೊಸ ಪಂಪ್ ಸರಿಯಾಗಿ ತಳ್ಳದೆ ಇರಬಹುದು; ಆದರೆ ಈಗಷ್ಟೇ ಪೂರ್ತಿ ಖಾಲಿ ಮಾಡಿ ತುಂಬಿಸಿದ ಕಾರಿನಲ್ಲಿ ನನ್ನ ಮೊದಲ ಅನುಮಾನ ಏರ್ ಲಾಕ್ ಮೇಲೆ, ಅಂದರೆ ಒಳಗೆ ಸಿಕ್ಕಿಕೊಂಡು ಕೂಲೆಂಟಿನ ಹರಿವನ್ನು ತಡೆಯುವ ಗಾಳಿಯ ಮೇಲೆ. ಎಂಜಿನ್ ಬಿಸಿಯಾದಾಗ ತೆರೆದು ಕೂಲೆಂಟನ್ನು ರೇಡಿಯೇಟರಿನ ಮೂಲಕ ಹರಿಯಬಿಡುವ ಕವಾಟವೇ ಥರ್ಮೋಸ್ಟಾಟ್. ಅದು ಸಾಮಾನ್ಯವಾಗಿ 82ರಿಂದ 88 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೆರೆದುಕೊಳ್ಳುತ್ತದೆ. ತಣ್ಣಗಿರುವ ಎಂಜಿನ್ನಿಗೆ ಮೇಲಿನಿಂದ ಕೂಲೆಂಟ್ ಸುರಿದಾಗ ಅದು ಮುಚ್ಚಿಯೇ ಇರುವುದರಿಂದ ರೇಡಿಯೇಟರ್ ತುಂಬಿದಂತೆ ಕಾಣುತ್ತದೆ, ಒಳಗೆ ಮಾತ್ರ ಗಾಳಿ ಉಳಿದುಬಿಡುತ್ತದೆ. ಆ ಗಾಳಿ ಥರ್ಮೋಸ್ಟಾಟಿನ ಬಳಿ ನಿಂತರೆ, ಕಾವಿಗೆ ಹಿಗ್ಗಿ ಅದನ್ನು ತೆರೆಸುವ ಮೇಣದ ಗುಂಡಿಗೆ ಬಿಸಿ ದ್ರವ ತಗಲದೆ ಅದು ತಡವಾಗಿ ತೆರೆಯುತ್ತದೆ. ಸೆನ್ಸರ್ ಬಳಿ ನಿಂತರೆ ಮುಳ್ಳೇ ಸುಳ್ಳು ಹೇಳಬಹುದು. ಆದ್ದರಿಂದ ಕೆಂಪಿನಲ್ಲಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿದರೆ ಸಮಾಧಾನಪಡಬೇಡಿ, ಕಾರು ನಿಲ್ಲಿಸಿ.

ಗ್ಯಾರೇಜಿನ ಬಿಲ್ಲಿನಲ್ಲಿ ಎಷ್ಟು ಲೀಟರ್ ಕೂಲೆಂಟ್ ಹಾಕಿದ್ದಾರೆಂದು ನೋಡಿ, ಬೆರೆಸಿದ ನೀರನ್ನೂ ಲೆಕ್ಕಕ್ಕೆ ಹಿಡಿದು, ಕಾರಿನ ಕೈಪಿಡಿಯಲ್ಲಿರುವ ಪ್ರಮಾಣಕ್ಕೆ ಹೋಲಿಸಿ. ಬಹಳ ಕಡಿಮೆ ಹಿಡಿದಿದ್ದರೆ ಅನುಮಾನ ಇನ್ನಷ್ಟು ಬಲವಾಗುತ್ತದೆ.

ಗಾಳಿ ತೆಗೆಯಲು, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕಾರಿನ ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಮುಚ್ಚಳ ತೆಗೆದು ನಿಧಾನವಾಗಿ ತುಂಬಿಸಿ. ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ತಿರುಪು) ಇದ್ದರೆ ಅದನ್ನು ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬಂದ ಮೇಲೆ ಬಿಗಿಮಾಡಿ. ನಂತರ ಮುಚ್ಚಳ ತೆರೆದಂತೆಯೇ ಎಂಜಿನ್ ಚಾಲೂ ಮಾಡಿ, ಐಡಲ್‌ನಲ್ಲಿ ಬಿಟ್ಟು, ಗುಳ್ಳೆ ಬಂದು ಮಟ್ಟ ಇಳಿದಂತೆಲ್ಲ ಮತ್ತೆ ತುಂಬಿಸುತ್ತ, ಹೀಟರಿನಿಂದ ಬಿಸಿಗಾಳಿ ಬಂದು ಫ್ಯಾನ್ ಒಂದೆರಡು ಬಾರಿ ತಿರುಗಿ ನಿಲ್ಲುವವರೆಗೆ ಕಾಯಿರಿ. ಬಿಸಿ ಕೂಲೆಂಟ್ ಉಕ್ಕಬಹುದಾದ್ದರಿಂದ ಮುಖ ದೂರವಿರಲಿ. ಎಂಜಿನ್ ಬಿಸಿಯಿರುವಾಗ ಮುಚ್ಚಿರುವ ಮುಚ್ಚಳವನ್ನಂತೂ ಎಂದಿಗೂ ತೆರೆಯಬೇಡಿ. ಮರುದಿನ ಬೆಳಿಗ್ಗೆ ಮಟ್ಟವನ್ನು ಮತ್ತೊಮ್ಮೆ ನೋಡಿ; ಸ್ವಲ್ಪ ಇಳಿದಿರುವುದು ಸಹಜ.

ಬೆರೆಸುವ ನೀರು ಡಿಸ್ಟಿಲ್ಡ್ ಆಗಿರಲಿ. ಬೋರ್‌ವೆಲ್ ನೀರಿನ ಗಡಸುತನ ಏನು ಮಾಡುತ್ತದೆಂಬುದನ್ನು ಮನೆಯ ಗೀಸರ್ ಬಿಚ್ಚಿ ನೋಡಿದವರಿಗೆ ಹೇಳಬೇಕಾಗಿಲ್ಲ. ಚೆಲ್ಲಿದ ಕೂಲೆಂಟನ್ನು ತಕ್ಷಣ ಒರೆಸಿ. ಸಿಹಿಯಾಗಿರುವ ಅದನ್ನು ನಾಯಿಗಳೂ ದನಗಳೂ ನೆಕ್ಕುತ್ತವೆ, ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ.

ಇಷ್ಟಾದರೂ ಹೀಟರ್ ಬಿಸಿಯಾಗಿ, ರೇಡಿಯೇಟರಿನ ಮೇಲಿನ ಪೈಪ್ ಸುಡುತ್ತಿದ್ದು, ಕೆಳಗಿನದು ತಣ್ಣಗೇ ಇದ್ದರೆ ಥರ್ಮೋಸ್ಟಾಟನ್ನು ಹಿಂದುಮುಂದಾಗಿ ಕೂರಿಸಿದ್ದಾರೆಯೇ ನೋಡಿಸಿ. ಮೇಣದ ಗುಂಡಿ ಎಂಜಿನ್ನಿನ ಕಡೆಗಿರಬೇಕು. ಅಲುಗಾಡುವ ಸಣ್ಣ ಪಿನ್ನು ಇದ್ದರೆ ಸಾಮಾನ್ಯವಾಗಿ ಅದು ಮೇಲ್ಗಡೆ ಬರಬೇಕು. ಥರ್ಮೋಸ್ಟಾಟನ್ನು ಹೊರತೆಗೆದು ಪಾತ್ರೆಯ ನೀರಿನಲ್ಲಿ ಕುದಿಸಿಯೂ ಪರೀಕ್ಷಿಸಬಹುದು. ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 770 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಆದರೂ ಥರ್ಮೋಸ್ಟಾಟ್ ತೆರೆಯಲು ಅಷ್ಟು ಸಾಕು. ಒತ್ತಡ ಹಿಡಿಯುವ ಮುಚ್ಚಳದ ರಬ್ಬರನ್ನೂ ನೋಡಿ. ಫ್ಯಾನಿನ ಮೇಲೆ ನನಗೆ ಅಷ್ಟು ಅನುಮಾನವಿಲ್ಲ. ಹೆದ್ದಾರಿಯ ವೇಗದಲ್ಲಿ ಎದುರುಗಾಳಿಯೇ ಸಾಕಾಗುತ್ತದೆ. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ತೆವಳುವಾಗ ಮಾತ್ರ ಕಾದಿದ್ದರೆ ಮಾತು ಬೇರೆಯಾಗುತ್ತಿತ್ತು.

ಗ್ಯಾಸ್ಕೆಟ್ ಹೋಗಿರಲು ಸಾಧ್ಯವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಕೆಂಪಿಗೆ ಏರಿದ ಮೇಲೂ ಓಡಿಸಿದ್ದರೆ ಆ ಕಾವಿಗೇ ಹೆಡ್ ಸೊಟ್ಟಗಾಗಿರಬಹುದು. ಅದಕ್ಕೊಂದು ಪರೀಕ್ಷೆಯಿದೆ: ರೇಡಿಯೇಟರಿನ ಬಾಯಿಯಿಂದ ಬರುವ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸಿದಾಗ, ದಹನದ ಅನಿಲವಿದ್ದರೆ ಬಣ್ಣ ಹಳದಿಗೆ ತಿರುಗುತ್ತದೆ. ಗಾಳಿಯನ್ನೆಲ್ಲ ತೆಗೆದ ಮೇಲೂ ಗುಳ್ಳೆಗಳು ನಿಲ್ಲದಿದ್ದರೆ, ಅಥವಾ ಎಲ್ಲಿಯೂ ಸೋರದೆ ಕೂಲೆಂಟ್ ದಿನದಿನಕ್ಕೆ ಇಳಿಯುತ್ತಿದ್ದರೆ, ಈ ಪರೀಕ್ಷೆಯನ್ನು ನಿಮ್ಮ ಕಣ್ಣೆದುರೇ ಮಾಡಿಸಿ. ದ್ರಾವಣ ಹಳದಿಯಾದರೆ ಹೆಡ್ ಬಿಚ್ಚಲು ಒಪ್ಪಿಕೊಳ್ಳಿ. ಅಲ್ಲಿಯವರೆಗೆ ಕಾರನ್ನು ಮಂಡ್ಯದೊಳಗೇ ಓಡಿಸಿ ನೋಡಿ, ಮೈಸೂರಿಗೆ ಬಸ್ಸಿನಲ್ಲಿ ಬನ್ನಿ.